ಖಾನೆಯೊಳಗಿನ ಮುಳ್ಳು

ಹಾರವಾಡದ ತಿರುವಿನಲ್ಲಿ ಮುಳ್ಳು ಒಮ್ಮೆ ಕೆಳಗೆ ಬಿದ್ದು, ಗಾಡಿ ನೆಟ್ಟಗಾದ ಕೂಡಲೇ ಏನೂ ಆಗಿಲ್ಲವೆಂಬಂತೆ ಎದ್ದು ತನ್ನ ಜಾಗಕ್ಕೆ ಬಂತು. ಭಾಸ್ಕರ ನೋಡಿದ. ನೋಡಿದೆನೆಂದು ತನಗೆ ತಾನೇ ಒಪ್ಪಿಕೊಳ್ಳಲಿಕ್ಕೆ ಅವನಿಗೆ ಇನ್ನೊಂದು ತಿರುವು ಬೇಕಾಯಿತು. ಅಲ್ಲೂ ಮುಳ್ಳು ಬಿತ್ತು, ಈ ಸಲ ಏಳುವಾಗ ಸ್ವಲ್ಪ ಸೋಮಾರಿತನ ಮಾಡಿತು. ಎಡಗಡೆಯ ಸೀಟಿನೆದುರು, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಮುಚ್ಚಳ ಎರಡು ಬೆರಳಿನಷ್ಟು ತೆರೆದಿದ್ದ ಸಣ್ಣ ಖಾನೆ. ಗಾಡಿಯ ಕಾಗದಪತ್ರ ಇಡುವ ಜಾಗವೆಂದು ಮನೆಯವರೆಲ್ಲ ತಿಳಿದಿದ್ದರು, ಕೀಲಿ ಭಾಸ್ಕರನ ಕಿಸೆಯಲ್ಲೇ ಇರುತ್ತಿತ್ತು. ಅದರೊಳಗೆ, ಅವನೊಬ್ಬನ ಕಣ್ಣಿಗೆ ಸರಿಯಾಗಿ ಓರೆ ಮಾಡಿ ಕೂರಿಸಿದ ಎರಡು ಮೀಟರು. ಒಂದು ಎಂಜಿನ್ನಿನ ಬಿಸಿ ತೋರಿಸುವುದು, ಇನ್ನೊಂದು ಆಯಿಲಿನ ಒತ್ತಡ ತೋರಿಸುವುದು, ಬೀಳುತ್ತಿದ್ದ ಮುಳ್ಳು ಅದರದ್ದು. ಸ್ಟೇರಿಂಗ್ ಹಿಡಿದು ಕೂತ ಹುಲಿಯಾನಿಗೆ ಅವು ಇರುವುದೇ ಗೊತ್ತಿರಲಿಲ್ಲ. ಎಂಟು ತಿಂಗಳಿಂದ ಗೊತ್ತಿರಲಿಲ್ಲ.

ಬೆಳಿಗ್ಗೆ ಶೆಟಗೇರಿಯಿಂದ ಹೊರಟು ಮಣ್ಣಿನ ರಸ್ತೆ ಇಳಿಯುವಾಗ ಗಾಡಿಯ ಹೊಟ್ಟೆಗೆ ಠಣ್ ಎಂದು ಏನೋ ಬಡಿದಿತ್ತು. ಹುಲಿಯಾ ತಕ್ಷಣ ಬ್ರೇಕು ಹಾಕಿದ್ದ. "ಅಡಿಗೆ ಕಲ್ಲು ಬಡೀತು ಬಾವಾ. ಇಳ್ದು ಒಂದ್ಸಲ ನೋಡ್ತೆ." "ನೋಡೂದೆಂತದು! ಹತ್ತೂವರೆ ಮೇಲೆ ಆಸ್ಪತ್ರೇಲಿ ಚೀಟಿ ಕೊಡೂದಿಲ್ಲ ಅವ್ರು. ನಡಿ." ಹೇಳಿದ್ದು ಭಾಸ್ಕರನೇ. ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ಬೀರಿ, ಹುಲಿಯಾನ ತಾಯಿ, ಭಾಸ್ಕರನ ಅತ್ತೆ, ಹೋದ ವಾರ ಪೊರೆ ತೆಗೆಸಿಕೊಂಡಿದ್ದಳು. ಕಾರವಾರದ ಡಾಕ್ಟರು ಇವತ್ತು ಕಣ್ಣು ನೋಡುತ್ತೇನೆಂದಿದ್ದರು. "ನಿಲ್ಸಿ ನೋಡಿದ್ರೆ ಎಂತಾ ಆಗ್ತದೆ ಅಳಿಯೋ, ಅಂವ ಗಾಡೀನ ದನದ ಹಾಂಗೆ ನೋಡ್ಕಳ್ತ," ಎಂದಿದ್ದಳು ಅವಳು. ಆ ಮಾತೇ ಭಾಸ್ಕರನಿಗೆ ಚುಚ್ಚಿದ್ದು. ಗಾಡಿ ಯಾರದ್ದು, ನೋಡಿಕೊಳ್ಳುವವ ಯಾರು! ಅಂವ ನೋಡಿಕೊಳ್ಳುತ್ತಾನಂತೆ.

ಹುಲಿಯಾ ಅವನ ಹೆಂಡತಿ ಕವಿತಾಳ ಅಣ್ಣ, ಅವನಿಗಿಂತ ನಾಲ್ಕು ವರ್ಷ ದೊಡ್ಡವ. ಮೊದಲೆಲ್ಲ ಭಾಸ್ಕರನೂ ಅವನನ್ನು ಬಾವ ಎಂದೇ ಕರೆಯುತ್ತಿದ್ದ. ಈ ಹಳೇ ಡೀಸೆಲ್ ಜೀಪು ಕೊಂಡು ಹುಲಿಯಾನನ್ನು ಅದಕ್ಕೆ ಡ್ರೈವರನಾಗಿ ಕೂರಿಸಿದ ಮೇಲೆ, ಯಾವ ದಿನ ಎಂದು ಹೇಳಲಿಕ್ಕಾಗದ ಹಾಗೆ, ಬಾವ ಹೋಗಿ ಬರೀ ಹುಲಿಯಾ ಆಗಿದ್ದ. ಹುಲಿಯಾ ಅದಕ್ಕೆ ಬೇಜಾರು ಮಾಡಿಕೊಂಡಿದ್ದರೆ ಒಂದು ಲೆಕ್ಕದಲ್ಲಿ ಒಳ್ಳೆಯದಿತ್ತು. ಅವನು ಬೇಜಾರು ಮಾಡಿಕೊಳ್ಳುವ ಜಾತಿಯವನೇ ಅಲ್ಲ. ಅವರ್ಸಾದ ಚಾದಂಗಡಿಯವನು, ಬೇಲೇಕೇರಿಯ ಮೀನಿನ ಹೆಂಗಸರು, ರಸ್ತೆ ಕೆಲಸದ ಬಾವುಟ ಹಿಡಿದವನು, ಎಲ್ಲರೂ ಅವನಿಗೆ ಕೈ ಎತ್ತುತ್ತಿದ್ದರು. ಪಕ್ಕದಲ್ಲಿ ಕೂತ ಮಾಲಕನಿಗೆ ಯಾರೂ ಎತ್ತುತ್ತಿರಲಿಲ್ಲ. ಮಾಲಕನಿಗೆ ಗಾಡಿ ಹೊಡೆಯಲಿಕ್ಕೆ ಬರುತ್ತಿರಲಿಲ್ಲ. ಕಲಿಸಲಿಕ್ಕೆ ಹುಲಿಯಾ ನೋಡಿದ್ದ. ಉಪ್ಪುನೀರು ಹತ್ತುವ, ಏಡಿ ಸಿಗುವ ಗಜನಿ ಗದ್ದೆಯ ಕಟ್ಟೆಯ ಮೇಲೆ ಮೂರು ದಿನ ನಿಧಾನಕ್ಕೆ, "ಕ್ಲಚ್ ಬಿಡು, ಬಿಡು, ಹೆದರ್ಬೇಡ, ನಾ ಇದ್ದೆ" ಎನ್ನುತ್ತ. ನಾಲ್ಕನೇ ದಿನ ಭಾಸ್ಕರ ಬ್ರೇಕಿನ ಬದಲು ಇನ್ನೊಂದನ್ನು ತುಳಿದು ಜೀಪನ್ನು ಸೀದಾ ಉಪ್ಪುನೀರಿನ ಕೆಸರಿಗೆ ಇಳಿಸಿದ. ಹುಲಿಯಾ ಬೈಯಲಿಲ್ಲ. ಲುಂಗಿ ಎತ್ತಿ ಕಟ್ಟಿ ಕೆಸರಿಗಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಮದುವೆ ಇರಲಿ, ನಾಮಕರಣ ಇರಲಿ, ಊಟದ ಪಂಕ್ತಿಯಲ್ಲಿ ಅದೇ ಕಥೆ: "ನಮ್ಮ ಬಾವಂಗೆ ಏಡಿ ಅಂದ್ರೆ ಎಷ್ಟ್ ಆಸೆ ಅಂದ್ರೆ, ಗಾಡಿ ತಕಂಡೇ ಗಜನಿಗೆ ಇಳ್ದ ಮಾರಾಯಾ!" ಎಲ್ಲರೂ ನಗುತ್ತಿದ್ದರು. ಕವಿತಾ ಕೂಡ, ಸೆರಗು ಬಾಯಿಗೆ ಒತ್ತಿಕೊಂಡು. ಭಾಸ್ಕರನೂ ನಗುತ್ತಿದ್ದ, ಯಾಕೆಂದರೆ ನಗದಿದ್ದರೆ ಇನ್ನೂ ಹೆಚ್ಚು ನಗುತ್ತಾರೆ.

ಅಮದಳ್ಳಿ ಬಂತು. ನೇರ ರಸ್ತೆಯಲ್ಲೂ ಮುಳ್ಳು ಈಗ ಮೊದಲಿನ ಜಾಗದಲ್ಲಿರಲಿಲ್ಲ. ಎರಡು ಗೆರೆ ಕೆಳಗೆ. ಹೇಳಬೇಕು. ಹೇಳುವುದು ಸುಲಭ: ಹುಲಿಯಾ, ಆಯಿಲ್ ಕಡಿಮೆಯಾಗಿದೆ, ನಿಲ್ಲಿಸು. ಆಗ ಹುಲಿಯಾ ತನ್ನೆದುರಿನ ಮೀಟರುಗಳ ಗಾಜಿನೊಳಗೆ ಆಯಿಲಿನ ಕೆಂಪು ದೀಪ ನೋಡುತ್ತಾನೆ, ಅದು ಆರಿಯೇ ಇರುತ್ತದೆ. ನಿಂಗೆ ಹ್ಯಾಂಗೆ ಗೊತ್ತಾತು ಬಾವಾ? ಆ ಪ್ರಶ್ನೆಯಲ್ಲಿ ಸಿಟ್ಟೂ ಇರುವುದಿಲ್ಲ, ಸಂಶಯವೂ ಇರುವುದಿಲ್ಲ, ಬರೀ ಆಶ್ಚರ್ಯ. ಆಮೇಲೆ ಖಾನೆ ತೆರೆಯಬೇಕಾಗುತ್ತದೆ.

ಮೀಟರು ಕೂರಿಸಿದ್ದು ಯೋಗೇಶ, ಕಾರವಾರದಿಂದ ಸ್ಕೂಟರಿನಲ್ಲಿ ಬಂದಿದ್ದ ಎಲೆಕ್ಟ್ರಿಷಿಯನ್. ಹುಲಿಯಾ ಹಣಕೋಣದ ನೆಂಟರ ಮನೆಗೆಂದು ಎರಡು ದಿನ ಹೋಗಿದ್ದ. ಜೀಪು ಭಾಸ್ಕರನ ಅಂಕೋಲೆಯ ಮನೆಯಂಗಳದಲ್ಲಿ ನಿಂತಿತ್ತು. "ಸ್ಟೇರಿಂಗ್ ಬಾಜೂಲಿ ಹಾಕ್ವಾ? ಚಂದ ಕಾಣ್ತದೆ," ಎಂದ ಯೋಗೇಶ. "ಬೇಡ. ನಂಗೆ ಕಂಡ್ರೆ ಸಾಕು." ಯೋಗೇಶ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಅವನ ಮುಖ ನೋಡಿದ. "ಡ್ರೈವರ್ ಮೇಲೆ ಡೌಟೋ? ಅರೇ ಬಾಬಾ, ನಂಗೆಂತಕ್ಕೆ! ಹಾಕ್ಸೂರು ನೀವು, ಹಾಕೂಂವ ನಾ." ಕೆಲಸ ಚೊಕ್ಕ ಮಾಡಿದ. ಕಾಲಡಿಯ ಮ್ಯಾಟಿನ ಕೆಳಗಿಂದ ವಾಯರು ಎಳೆದ, ಹಳೆಯ ತೂತುಗಳನ್ನೇ ಬಳಸಿದ, ಹೊಸ ಸ್ಕ್ರೂಗಳಿಗೆ ಗ್ರೀಸಿನ ಮಸಿ ಹಚ್ಚಿ ಹಳತು ಮಾಡಿದ. ಕೊನೆಗೆ ಬೆನ್ನು ನೆಟ್ಟಗೆ ಮಾಡಿ ತಲೆ ಕೆರೆದುಕೊಂಡ. "ಒಂದು ಲಫಡಾ ಉಂಟು. ಎಂಜಿನ್ನಿಗೆ ಆಯಿಲ್ ಸ್ವಿಚ್ಚಿನ ತೂತು ಒಂದೇ. ಈಗ ಅಲ್ಲಿ ಕೆಂಪು ದೀಪದ್ದು ಕೂತದೆ. ಅದು ತೆಗ್ದ್ರೆ ನಿಮ್ಮ ಮೀಟರಿಂದು ಕೂರ್ತದೆ. ಎರಡೂ ಬೇಕಂದ್ರೆ ಕವಲು ಪೀಸು ಹುಬ್ಬಳ್ಳಿಂದ ತರಿಸ್ಬೇಕು, ನಾಕು ದಿನ." ನಾಲ್ಕು ದಿನ ಇರಲಿಲ್ಲ. ಹುಲಿಯಾ ನಾಳೆ ಬರುತ್ತಿದ್ದ. "ದೀಪದ್ದು ತೆಗಿ," ಎಂದ ಭಾಸ್ಕರ. "ತೆಗ್ದ್ರೆ ಚಾವಿ ತಿರುಗ್ಸಿದ ಕೂಡ್ಲೆ ಅವಂಗೆ ಗೊತ್ತಾಗ್ತದೆ, ದೀಪ ಹತ್ತೂದಿಲ್ಲ," ಎಂದ ಯೋಗೇಶ, ಮತ್ತೆ ತಾನೇ ಖುಷಿಯಿಂದ ಚಿಟಿಕೆ ಹೊಡೆದ. ಆಯಿಲ್ ದೀಪದ ವಾಯರನ್ನು ಬ್ಯಾಟರಿ ದೀಪದ ವಾಯರಿಗೆ ಜೋಡಿಸಿಬಿಟ್ಟ. "ಈಗ ನೋಡಿ. ಚಾವಿ ತಿರುಗ್ಸಿದ್ರೆ ಎರಡೂ ಹತ್ತತದೆ, ಎಂಜಿನ್ ಚಾಲೂ ಆದ್ರೆ ಎರಡೂ ಆರ್ತದೆ. ಎಂಥಾ ಡ್ರೈವರಿಗೂ ಗೊತ್ತಾಗೂಕೆ ಸಾಧ್ಯ ಇಲ್ಲ. ಆದ್ರೆ ಗಾಡಿ ಓಡೂವಾಗ ಆಯಿಲ್ ಪೂರಾ ಸೋರಿ ಹೋದ್ರೂ ಆ ದೀಪ ಹತ್ತೂದಿಲ್ಲ. ಅವಂಗೆ ಒಂದ್ ಮಾತು ಹೇಳಿಡಿ." "ಹೇಳ್ತೆ," ಎಂದಿದ್ದ ಭಾಸ್ಕರ. ಹೇಳುವುದೆಂದರೆ ಏನು ಹೇಳುವುದು?

"ಸ್ವರ ಬೇರೆ ಬತ್ತದಲ್ಲ ಬಾವಾ," ಎಂದ ಹುಲಿಯಾ.

ಭಾಸ್ಕರ ಮೊಣಕಾಲನ್ನು ಖಾನೆಯ ಮುಚ್ಚಳಕ್ಕೆ ಅಡ್ಡ ತಂದ. "ಎಂತಾ ಸ್ವರ?"

"ಟಕಟಕ ಅಂತದೆ. ತೆಳೂ ಇದೆ, ಆದ್ರೆ ಇದೆ." ಹುಲಿಯಾ ಕತ್ತು ಬಗ್ಗಿಸಿ ಎದುರಿನ ಗಾಜನ್ನು ಹತ್ತಿರದಿಂದ ನೋಡಿದ. ಅಲ್ಲಿನ ಬಿಸಿಯ ಮುಳ್ಳು ಸಮ ಇತ್ತು. ದೀಪ ಆರಿತ್ತು. ಅವನು ಮತ್ತೆ ನೆಟ್ಟಗೆ ಕೂತ, ಭುಜ ಸಡಿಲವಾದದ್ದು ಭಾಸ್ಕರನಿಗೆ ಕಂಡಿತು. ಇಪ್ಪತ್ತೆರಡು ವರ್ಷ ಗಾಡಿ ಹೊಡೆದು ಅಂಥ ಕೆಂಪು ದೀಪವನ್ನು ನಂಬಿದ ಭುಜ.

"ಆ ಟಿಪ್ಪರಿನ ಸ್ವರ ಅದು," ಎಂದ ಭಾಸ್ಕರ. ಮುಂದೆ ನಿಜವಾಗಿಯೂ ಕಲ್ಲು ತುಂಬಿದ ಟಿಪ್ಪರು ಹೋಗುತ್ತಿತ್ತು.

ಯಾಕೆ ಹೇಳಿದೆ ಹಾಗೆ? ಮೂತ್ರಕ್ಕೆ ಹೋಗಬೇಕು ಎನ್ನಬಹುದಿತ್ತು. ಎಳನೀರು ಕುಡಿಯುವ ಎನ್ನಬಹುದಿತ್ತು. ಸುಟ್ಟ ವಾಸನೆ ಬಂತು ಎಂದಿದ್ದರೂ ಸಾಕಿತ್ತು, ಹುಲಿಯಾ ಇಳಿದು ಬಗ್ಗಿ ನೋಡುತ್ತಿದ್ದ, ಎಲ್ಲ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದ ಒಂದೊಂದು ನೆಪವನ್ನೂ ಭಾಸ್ಕರ ರುಚಿ ನೋಡಿ ನುಂಗಿದ. ನುಂಗುವಾಗ ಅವನಿಗೆ ತಿಳಿಯಿತು, ತಾನು ಹೆದರಿ ಸುಮ್ಮನಿಲ್ಲ. ಎಂಟು ತಿಂಗಳಲ್ಲಿ ಈ ಮುಳ್ಳು ಒಂದು ಸಲವೂ ಹುಲಿಯಾನ ಮೇಲೆ ದೂರು ಹೇಳಿರಲಿಲ್ಲ. ಪ್ರತಿ ಭಾನುವಾರ ಇಲ್ಲಿ ಕೂತು, ಪೇಪರು ಓದುವವನ ಹಾಗೆ ಕಣ್ಣು ಕೆಳಗಿಟ್ಟು ಕಾದಿದ್ದ: ಈಗ ಜೋರು ತುಳಿಯುತ್ತಾನೆ, ಈಗ ಏರಿನಲ್ಲಿ ಎಂಜಿನ್ ಕಾಯಿಸುತ್ತಾನೆ, ಈಗ ಸಿಕ್ಕಿಬೀಳುತ್ತಾನೆ. ಮುಳ್ಳು ಒಳ್ಳೆಯ ಮಗುವಿನ ಹಾಗೆ ತನ್ನ ಜಾಗದಲ್ಲಿ ಕೂತಿರುತ್ತಿತ್ತು. ಹುಲಿಯಾ ಬೆನ್ನ ಹಿಂದೆಯೂ ಎದುರಿನಲ್ಲೂ ಒಂದೇ ಥರ ಗಾಡಿ ಹೊಡೆಯುತ್ತಿದ್ದ. ಇದನ್ನು ತಿಳಿದುಕೊಳ್ಳಲಿಕ್ಕೋ ಇಷ್ಟೆಲ್ಲ ಮಾಡಿದ್ದು? ಇವತ್ತು, ಕೊನೆಗೂ, ಮುಳ್ಳು ಬೀಳುತ್ತಿದೆ. ಬೀಳಲಿ. ಇನ್ನೂ ಸ್ವಲ್ಪ.

"ನಿನ್ನ ಅಪ್ಪಂಗೂ ಹೀಂಗೇ ಆಗಿತ್ತು ಮಗಾ," ಎಂದು ಹಿಂದಿನಿಂದ ಬೀರಿ ಯಾವುದೋ ಮಾತನ್ನು ನಡುವಿನಿಂದ ಎತ್ತಿಕೊಂಡಳು. "ಐವತ್ತರ ಹತ್ರ ಬಂದ, ಕಣ್ಣು ಮಬ್ಬಾತು. ಹೊತಾರೆ ಎದ್ದು ದನ-ಗಂಟಿಗೆ ಹುಲ್ಲು ಹಾಕೂಕೆ ಹೋದಂವ ಬೇಲಿ ಗೂಟಕ್ಕೆ ಹುಲ್ಲು ಹಾಕಿ ಬಂದಿದ್ದ!"

ಹುಲಿಯಾ ನಕ್ಕ. "ಗೂಟ ಹಾಲು ಕೊಡ್ತೋ ಇಲ್ವೋ ಅದು ಹೇಳು ಅವ್ವಾ."

ತೋಡೂರು ಹಿಂದೆ ಬಿತ್ತು. ಮುಳ್ಳು ಸೊನ್ನೆಗೆ ಬಂದು ಮಲಗಿತು. ಆ ಮಲಗುವಿಕೆಯಲ್ಲಿ ಒಂದು ನೆಮ್ಮದಿ ಇತ್ತು. ಇನ್ನು ಹೇಳಿಯೂ ಪ್ರಯೋಜನವಿಲ್ಲ ಎನ್ನುವ ನೆಮ್ಮದಿ. ಭಾಸ್ಕರ ಮೊಣಕಾಲಿನಿಂದ ಖಾನೆಯ ಮುಚ್ಚಳವನ್ನು ಒತ್ತಿದ, ಅದು ಟಕ್ಕೆಂದು ಮುಚ್ಚಿಕೊಂಡಿತು. ಕಿಸೆಯಿಂದ ಕೀಲಿ ತೆಗೆದು ತಿರುಗಿಸಿದ. ಆಮೇಲೆ ಕಿಟಕಿಯಾಚೆ ನೋಡುತ್ತ ಕೂತ. ಚೆಂಡಿಯೆ ಕಳೆದು ಅರಗಾದ ಹತ್ತಿರ ನೌಕಾನೆಲೆಯ ಉದ್ದದ ಗೋಡೆ ಶುರುವಾಯಿತು, ಮುಳ್ಳುತಂತಿ ಸುತ್ತಿದ, ಮುಗಿಯದ ಗೋಡೆ. ಟಕಟಕ ಈಗ ಬಡಗಿಯ ಸುತ್ತಿಗೆಯಷ್ಟು ಸ್ಪಷ್ಟವಾಗಿತ್ತು. "ಟಿಪ್ಪರಲ್ಲ ಬಾವಾ ಇದು, ನಮ್ದೇ," ಎಂದು ಹುಲಿಯಾ ಕಾಲು ಎತ್ತುವುದಕ್ಕೂ ಅಡಿಯಲ್ಲಿ ಏನೋ ಕಚ್ಚಿ ಹಿಡಿದಂತಾಗಿ ಗಾಡಿ ಒಮ್ಮೆ ನಡುಗಿ ಸಾಯುವುದಕ್ಕೂ ಸರಿಹೋಯಿತು. ಹುಲಿಯಾ ಹೇಗೋ ತಿರುಗಿಸಿ ರಸ್ತೆಯ ಅಂಚಿಗೆ ತಂದ. ಎದುರಿನ ಗಾಜಿನಲ್ಲಿ ಎರಡು ದೀಪ ಹತ್ತಿಕೊಂಡಿದ್ದವು.

ಹುಲಿಯಾ ಇಳಿದ, ಬಗ್ಗಿದ, ಅಡಿಗೆ ಕೈ ಹಾಕಿ ಹೊರತೆಗೆದ. ಅಂಗೈ ಕಪ್ಪಾಗಿತ್ತು. ಬಾನೆಟ್ ಎತ್ತಿ ನೋಡಿದ, ಆಯಿಲ್ ಕಡ್ಡಿ ಎಳೆದು ನೋಡಿದ, ಒಣ ಕಡ್ಡಿಯನ್ನು ಮತ್ತೆ ಒರೆಸಿ ಮತ್ತೆ ಹಾಕಿ ಮತ್ತೆ ಎಳೆದ. ಆಮೇಲೆ ಬಾಗಿಲ ಹತ್ತಿರ ಬಂದು ನಿಂತು ಆ ಕೆಂಪು ದೀಪವನ್ನೇ ನೋಡಿದ.

"ಈಗ ಹತ್ತಿದೆ," ಎಂದ. "ಮೊದ್ಲು ಹತ್ತಿತ್ತೋ ಬಾವಾ?"

ಇದೇ ಆ ಗಳಿಗೆ ಎಂದು ಭಾಸ್ಕರನಿಗೆ ಗೊತ್ತಿತ್ತು. ಬಾಗಿಲು ತೆರೆದಿತ್ತು, ಬಿಸಿಲು ಬಿದ್ದಿತ್ತು, ಅವನ ಕಿಸೆಯಲ್ಲಿ ಕೀಲಿ ಇತ್ತು. ಇಲ್ಲ ಹುಲಿಯಾ, ಹತ್ತಿರಲಿಲ್ಲ. ಮೂರು ಶಬ್ದ. ಆದರೆ ಅವನ ಬಾಯಿಂದ ಬಂದದ್ದು ಬೇರೆ, ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಕೇಳಲಿಕ್ಕೆ ಇಷ್ಟವಾಯಿತು.

"ಅಮದಳ್ಳಿಯಿಂದ ಹತ್ತಿತ್ತಲ್ಲ."

"ಅಮದಳ್ಳಿಯಿಂದ?"

"ನೀ ಬಗ್ಗಿ ನೋಡ್ದೆ ನೋಡು, ಸ್ವರ ಬೇರೆ ಅಂತ ಹೇಳಿ. ಆಗ ಹತ್ತಿತ್ತು. ನಿಂಗೆ ಕಂಡಿದೆ ಅಂತ್ಲೇ ನಾ ಸುಮ್ನಿದ್ದೆ. ಗಾಡಿ ವಿಷಯ ನಂಗೆಂತಾ ಗೊತ್ತು? ನಾ ಗಜನಿಗೆ ಇಳ್ಸೂಂವ."

ಹುಲಿಯಾನ ಮುಖದಲ್ಲಿ ಏನೂ ಒಡೆಯಲಿಲ್ಲ. ಅದನ್ನೇ ಭಾಸ್ಕರ ಕಾಯುತ್ತಿದ್ದ, ಏನಾದರೂ ಒಡೆಯುವುದನ್ನು. ಹುಲಿಯಾ ಬರೀ ಕಣ್ಣು ಮಿಟುಕಿಸಿದ. ಎಡಗಣ್ಣು ಮುಚ್ಚಿ ದೀಪ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. "ನಾ ನೋಡ್ದೆ," ಎಂದ ನಿಧಾನಕ್ಕೆ. "ನೋಡಿದ್ದು ಹೌದು. ನಂಗೆ ಕಾಣ್ಲಿಲ್ಲ."

"ಅಪ್ಪಂದೇ ಕಣ್ಣು," ಎಂದಳು ಬೀರಿ ಒಳಗಿನಿಂದ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಇವತ್ತೇ ಡಾಕ್ಟ್ರಿಗೆ ತೋರ್ಸು ಮಗಾ. ನನ್ನ ಚೀಟಿ ಜೊತೀಗೆ ನಿಂದೂ ಒಂದು ಮಾಡ್ಸು."

"ಜನ ಕೂರ್ಸ್ಕಂಡು ಹೋತೆ ನಾ ದಿನಾ," ಎಂದ ಹುಲಿಯಾ. ಯಾರಿಗೂ ಹೇಳಿದ್ದಲ್ಲ. "ಕೂಸುಗಳನ್ನ ಕೂರ್ಸ್ಕಂಡು ಹೋತೆ."

ಹುಲಿಯಾ ಫೋನು ಮಾಡಿದ ಅರ್ಧ ಗಂಟೆಗೆ ಸೂರಜನ ಮೀನಿನ ಪಿಕಪ್ ಬಂತು. ಸೂರಜ್ ಕೋಡಿಬಾಗದವನು, ಹತ್ತು ವರ್ಷದ ಹಿಂದೆ ಹುಲಿಯಾನ ಕೈಯಲ್ಲೇ ಗಾಡಿ ಕಲಿತವನು. ಈಗಲೂ ಗುರುಗಳೇ ಎಂದೇ ಕರೆಯುತ್ತಿದ್ದ. ಅಡಿಗೆ ಬಗ್ಗಿ ನೋಡಿ ನಾಲಿಗೆಯಲ್ಲಿ ಚಕ್ ಎಂದ. "ಎಂತಾ ಗುರುಗಳೇ ಇದು! ದೀಪ ಹತ್ತಲಿಲ್ವೋ?" ಭಾಸ್ಕರ ಕಿಸೆಯ ಕೀಲಿ ಮುಟ್ಟಿಕೊಂಡ. ಹುಲಿಯಾ ರಸ್ತೆ ನೋಡುತ್ತ ಹೇಳಿದ: "ಹತ್ತಿತ್ತು. ನನ್ನ ಲಕ್ಷ್ಯ ಇರ್ಲಿಲ್ಲ." ಸೂರಜ್ ಪಿಕಪ್ಪಿನಿಂದ ಹಗ್ಗ ತಂದು ಬಿಚ್ಚತೊಡಗಿದ. "ಹೋಗ್ಲಿ ಬಿಡು ಹುಲಿಯಾ," ಎಂದ ಭಾಸ್ಕರ ದೊಡ್ಡ ಮನಸ್ಸಿನಿಂದ, ಸೂರಜನಿಗೆ ಕೇಳುವಷ್ಟು ಗಟ್ಟಿಯಾಗಿ. "ನಾ ಒಂದ್ ಮಾತು ಬೈದೆನೋ ನಿಂಗೆ? ವಯಸ್ಸು ಯಾರನ್ನ ಬಿಡ್ತದೆ." ಹುಲಿಯಾ ಕೃತಜ್ಞತೆಯಿಂದ ಅವನ ಕಡೆ ನೋಡಿದ. ಆ ನೋಟವನ್ನು ತಡೆದುಕೊಳ್ಳಲಿಕ್ಕೆ ಕಷ್ಟವಾಗಬೇಕಿತ್ತು. ಆಗಲಿಲ್ಲ.

ಬೀರಿಯನ್ನು ಪಿಕಪ್ಪಿನಲ್ಲಿ ಸೂರಜನ ಪಕ್ಕ ಕೂರಿಸಿದರು. ಜೀಪನ್ನು ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಹೋಗುವಾಗ ಅದರಲ್ಲೂ ಒಬ್ಬ ಸ್ಟೇರಿಂಗ್ ಹಿಡಿಯಬೇಕು. ಹಗ್ಗ ಸಡಿಲವಾದ ಕೂಡಲೇ, ಅಂದರೆ ಮುಂದಿನ ಗಾಡಿ ನಿಧಾನವಾದ ಕೂಡಲೇ, ಬ್ರೇಕು ಒತ್ತಬೇಕು, ಇಲ್ಲದಿದ್ದರೆ ಹೋಗಿ ಅದರ ಬೆನ್ನಿಗೇ ಗುದ್ದುತ್ತದೆ. ಹುಲಿಯಾ ಕೂತ. ಎಂಜಿನ್ ಸತ್ತ ಗಾಡಿಯ ಬ್ರೇಕು ಕಲ್ಲಾಗಿತ್ತು, ಎರಡೂ ಕಾಲಿನ ಬಲ ಹಾಕಿ ತುಳಿಯಬೇಕಿತ್ತು. ಬಿಣಗಾ ದಾಟುವವರೆಗೆ ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದಿದ್ದ. ಹಗ್ಗವನ್ನೇ ನೋಡುತ್ತಿದ್ದ, ನೋಡುತ್ತ ನೋಡುತ್ತ ಕಣ್ಣು ಕಿರಿದು ಮಾಡುತ್ತಿದ್ದ, ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಸುರಂಗದ ಬಾಯಿ ಕಂಡಿತು.

"ಬಾವಾ."

"ಹೂಂ."

"ಒಳಗೆ ಕತ್ತಲು. ನಂಗೆ ನನ್ನ ಮೇಲೆ ವಿಶ್ವಾಸ ಇಲ್ಲ ಈಗ. ಹಗ್ಗ ಸಡ್ಲಾದ್ರೆ ಈಗ ಅಂತ ಹೇಳ್ತ್ಯೋ? ನೀ ಹೇಳಿದ ಕೂಡ್ಲೆ ನಾ ತುಳೀತೆ."

"ಹೇಳ್ತೆ."

ಸುರಂಗದೊಳಗೆ ಗಾಳಿ ತಣ್ಣಗಿತ್ತು. ಹಳದಿ ದೀಪಗಳು ಒಂದಾದ ಮೇಲೊಂದು ಹುಲಿಯಾನ ಮುಖದ ಮೇಲೆ ಹಾದುಹೋಗುತ್ತಿದ್ದವು. ಭಾಸ್ಕರನಿಗೆ ಹಗ್ಗ ಚೆನ್ನಾಗಿ ಕಾಣುತ್ತಿತ್ತು. ಹುಲಿಯಾನಿಗೂ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು, ಈ ಲೋಕದಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. "ಈಗ," ಎಂದ, ಮುಂದಿನ ಗಾಡಿ ನಿಧಾನವಾದಾಗ. ಹುಲಿಯಾ ತುಳಿದ. ಸರಿಯಾಯಿತು. "ಈಗ." ತುಳಿದ. ಭಾಸ್ಕರನ ಮೈಯಲ್ಲಿ ಏನೋ ಬೆಚ್ಚಗೆ ಹರಿಯಿತು. ಅವನ ಒಂದು ಶಬ್ದಕ್ಕೆ ಗಾಡಿ ನಿಲ್ಲುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ಗಾಡಿ ಹೊಡೆಯುತ್ತಿದ್ದ. ಕ್ಲಚ್ಚಿಲ್ಲ, ಗೇರಿಲ್ಲ, ಕೈ ನಡುಗುವುದಿಲ್ಲ. ಪಕ್ಕದಲ್ಲಿ ಹುಲಿಯಾ ಕಾಲು ಎತ್ತಿ ಹಿಡಿದು, ತಲೆ ಸ್ವಲ್ಪ ಅವನ ಕಡೆ ವಾಲಿಸಿ, ಕಣ್ಣಿನಿಂದಲ್ಲ, ಕಿವಿಯಿಂದ ಕಾಯುತ್ತಿದ್ದ.

ಸುರಂಗದ ಆಚೆ ತುದಿಯ ಬೆಳಕು ದೊಡ್ಡದಾಯಿತು. ಸೂರಜ್ ಇಳಿಜಾರು ಕಂಡು ವೇಗ ಹೆಚ್ಚಿಸಿದ. ಹಗ್ಗ ತಂತಿಯ ಹಾಗೆ ಬಿಗಿದು ನಿಂತಿತ್ತು, ಎಂಥ ಮಬ್ಬುಗಣ್ಣಿಗೂ ಕಾಣುವಷ್ಟು.

"ಈಗ," ಎಂದ ಭಾಸ್ಕರ.

ಹುಲಿಯಾ ಎರಡೂ ಕಾಲು ಹಾಕಿ ತುಳಿದ. ಜೀಪು ನೆಲಕ್ಕೆ ಕಚ್ಚಿಕೊಂಡಿತು, ಪಿಕಪ್ಪು ಹಿಂದಕ್ಕೆ ಜಗ್ಗಿ ಅಡ್ಡಡ್ಡ ತೊನೆಯಿತು, ಹಗ್ಗ ಚಟಾರೆಂದು ಹರಿದು ಗಾಜಿಗೆ ಬಡಿಯಿತು. ಹಿಂದಿನ ಲಾರಿಯೊಂದು ಹಾರನ್ ಹೊಡೆಯುತ್ತ ಪಕ್ಕದಿಂದ ದಾಟಿತು. ಸೂರಜ್ ಬಾಗಿಲು ಒದ್ದು ಇಳಿದು ಓಡಿ ಬಂದ. ಗುರುಗಳೇ ಎನ್ನಲಿಲ್ಲ ಅವನು. "ತಲೆ ಸಮಾ ಉಂಟೋ ನಿಂಗೆ? ಹಗ್ಗ ಟೈಟ್ ಇರೂವಾಗ ಯಾವಂವ ಬ್ರೇಕ್ ಹಾಕ್ತಾ ಮಾರಾಯಾ? ನಿನ್ನ ಅವ್ವಿ ಹಣೆ ಎದ್ರಿಗೆ ಬಡೀತು! ಆಪ್ರೇಷನ್ ಆದ ಕಣ್ಣು ಅದು! ಕಾಣೂದಿಲ್ಲ ಅಂದ್ರೆ ಯಾಕೆ ಕೂರ್ತೆ ಸ್ಟೇರಿಂಗಿಗೆ?"

ಪಿಕಪ್ಪಿನ ಹಿಂದಿನ ಗಾಜಿನಲ್ಲಿ ಬೀರಿಯ ತಲೆ ಕಾಣುತ್ತಿತ್ತು, ಎರಡೂ ಕೈ ಮುಖಕ್ಕೆ ಒತ್ತಿಕೊಂಡಿದ್ದಳು.

"ನಂದೇ ತಪ್ಪು," ಎಂದ ಹುಲಿಯಾ. "ನಂದೇ, ನಂದೇ." ಬಾಗಿಲ ಹಿಡಿಗಾಗಿ ಕೈ ತಡಕಿದ. ಇಪ್ಪತ್ತೆರಡು ವರ್ಷ ಕತ್ತಲಲ್ಲೂ ತಡಕದ ಕೈ. ಇಳಿಯುವ ಮೊದಲು ಭಾಸ್ಕರನ ಕಡೆ ತಿರುಗಿ, ಅವನ ಮೊಣಕಾಲು ಮುಟ್ಟಿ, ಸೂರಜನಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ: "ನೀ ಸಮಾ ಹೊತ್ತಿಗೇ ಹೇಳಿದ್ದೆ ಬಾವಾ. ನಾ ತುಳಿಯೂಕೆ ತಡಾ ಮಾಡ್ದೆ."

"ಹೌದು," ಎಂದ ಭಾಸ್ಕರ. "ತಡಾ ಆತು."